ಎಲ್ಲಕ್ಕೂ ಬಳಸುವ ಹಳೇ ಕಟ್ಟಡ ನವೀಕರಿಸಬೇಕು, ಎಲ್ಲಿಂದ ಶುರು ಮಾಡೋದು?

ಸಮಿತಿ_ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ನಮ್ಮ ಸಂಘದ ಕಟ್ಟಡ ನವೀಕರಿಸುವ ಜವಾಬ್ದಾರಿ ನನ್ನ ಹೆಗಲಿಗೆ ಬಂದಿದೆ. ಮನೆ ರಿಪೇರಿ ಮಾಡಿಸಿ ಗೊತ್ತು. ಇಂಥ ಕಟ್ಟಡ ಇದೇ ಮೊದಲು. ಅದಕ್ಕೇ ಅನುಭವ ಇರುವವರನ್ನು ಕೇಳುತ್ತಿದ್ದೇನೆ.

ಕಟ್ಟಡ ಎರಡು ಅಂತಸ್ತಿನದು, ಕಟ್ಟಿ 40 ವರ್ಷ ದಾಟಿದೆ. ಕೆಳಗೆ ಒಂದು ಹಾಲ್. ವೇದಿಕೆ ಬಿಟ್ಟು 20 ಮೀಟರ್ ಉದ್ದ, 10 ಮೀಟರ್ ಅಗಲ, ಚಾವಣಿ ಎತ್ತರ 4.5 ಮೀಟರ್. ಹಾಲ್ ಮೇಲೆ ಬರೀ ಟೆರೇಸ್. ಪಕ್ಕದ ಭಾಗದಲ್ಲಿ ಕೆಳಗೆ ಆಫೀಸು, ಅಡುಗೆಮನೆ, ಒಂದು ಸ್ಟೋರ್; ಅವುಗಳ ಮೇಲೆ ಸಾಲಾಗಿ ನಾಲ್ಕು ಕೋಣೆ. ಬೆಳಿಗ್ಗೆ ವ್ಯಾಯಾಮದ ತರಗತಿ, ಸಂಜೆ ಸಂಗೀತ ಮತ್ತು ಮಕ್ಕಳ ಪಾಠ, ವಾರದ ಕೊನೆಗೆ ಸಭೆ, ನಾಟಕದ ತಾಲೀಮು, ಆಗಾಗ ಆರೋಗ್ಯ ತಪಾಸಣೆ ಶಿಬಿರ. ಹೀಗೆ ಎಲ್ಲವೂ ಇಲ್ಲೇ ನಡೆಯುತ್ತವೆ.

ಸಮಿತಿಯಲ್ಲಿ ಒಬ್ಬೊಬ್ಬರದು ಒಂದೊಂದು ಬೇಡಿಕೆ. ಮೇಲಿನ ಎರಡು ಕೋಣೆಯ ನಡುವಿನ ಗೋಡೆ ತೆಗೆದು ಲೈಬ್ರರಿ ಮಾಡೋಣ ಅಂತ ಕೆಲವರು. ಹಾಲ್‌ನಲ್ಲಿ ಬ್ಯಾಡ್ಮಿಂಟನ್ ಬೇಕು ಅಂತ ಇನ್ನು ಕೆಲವರು. ಹಾಲನ್ನು ಮಡಚುವ ಪಾರ್ಟಿಷನ್ ಹಾಕಿ ಎರಡು ಮಾಡಿದರೆ ಒಟ್ಟಿಗೆ ಎರಡು ತರಗತಿ ನಡೆಸಬಹುದು ಅನ್ನೋದು ಅಧ್ಯಕ್ಷರ ಆಸೆ. ಮೂವರು ಕಂಟ್ರಾಕ್ಟರುಗಳಿಂದ ಅಂದಾಜು ಪಟ್ಟಿ ತರಿಸಿದೆವು. ಒಬ್ಬರದು ಇನ್ನೊಬ್ಬರದರ ಎರಡು ಪಟ್ಟು ಇದೆ! ಯಾರನ್ನು ನಂಬೋದು ಅಂತಾನೇ ತಿಳಿಯುತ್ತಿಲ್ಲ.

ಮೊದಲು ಏನು ಮಾಡಬೇಕು? ಆ ಗೋಡೆ ತೆಗೆಯಬಹುದಾ? ಪಾರ್ಟಿಷನ್‌ನಿಂದ ನಿಜವಾಗಿಯೂ ಉಪಯೋಗ ಇದೆಯಾ? ಕೆಲಸ ನಡೆಯುವಾಗ ಕಟ್ಟಡ ಪೂರ್ತಿ ಮುಚ್ಚಲೇಬೇಕಾ? ಎಷ್ಟು ಗೊತ್ತಿದ್ದರೆ ಅಷ್ಟು ಹೇಳಿ, ಉಪಕಾರವಾಗುತ್ತದೆ.


ಬೀಗದಕೈ_ನನ್ನಲ್ಲಿ

ಸರ್, ಇಂಥದ್ದೇ ಒಂದು ಕಟ್ಟಡದ ಉಸ್ತುವಾರಿ 11 ವರ್ಷದಿಂದ ನನ್ನದು. ನಾವೂ ನವೀಕರಣ ಮಾಡಿದ್ದೇವೆ. ಒಮ್ಮೆ ತಪ್ಪಾಗಿ, ಆಮೇಲೆ ಸರಿಯಾಗಿ. ನನ್ನ ಮಾತು ಇಷ್ಟೇ: ನಕ್ಷೆ ಬರೆಸುವ ಮೊದಲು ವೇಳಾಪಟ್ಟಿ ಬರೆಯಿರಿ.

ಎರಡನೇ ಸಲ ನಾವು ಏನು ಮಾಡಿದೆವು ಅಂದರೆ, ಆಫೀಸಿನ ಗೋಡೆಗೆ ದೊಡ್ಡ ಚೌಕುಳಿ ಹಾಳೆ ಅಂಟಿಸಿದೆವು. ಅಡ್ಡಕ್ಕೆ ವಾರದ ಏಳು ದಿನ, ಉದ್ದಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಒಂದೊಂದು ಗಂಟೆ. ಪ್ರತಿ ಗುಂಪಿಗೂ ಒಂದು ಬಣ್ಣದ ಪೆನ್ಸಿಲ್. ಎಷ್ಟು ಜನ ಬರುತ್ತಾರೆ, ಎಷ್ಟು ಕುರ್ಚಿ ಬೇಕು, ಸದ್ದು ಮಾಡುತ್ತಾರಾ, ಸದ್ದಾದರೆ ಅವರಿಗೆ ತೊಂದರೆಯಾ, ಇಷ್ಟನ್ನು ಆ ಚೌಕದಲ್ಲೇ ಬರೆಯಿಸಿದೆವು. ಒಂದು ತಿಂಗಳು ಬಿಟ್ಟು ನೋಡಿದರೆ ಇಡೀ ಹಾಳೆಯ ಬಣ್ಣ ಸಂಜೆ 5ರಿಂದ 8ರ ನಡುವೆ ಗುಡ್ಡೆಯಾಗಿತ್ತು. ಬೆಳಿಗ್ಗೆ 10ರಿಂದ 4ರವರೆಗೆ ಹಾಳೆ ಬೆಳ್ಳಗಿತ್ತು. ಜಾಗ ಸಾಲುತ್ತಿಲ್ಲ ಅಂತ ಹತ್ತು ವರ್ಷದಿಂದ ಜಗಳ ಆಡುತ್ತಿದ್ದೆವಲ್ಲ, ಜಾಗ ಸಾಕಷ್ಟಿತ್ತು. ಒಂದೇ ಹೊತ್ತಿಗೆ ಎಲ್ಲರೂ ಬರುತ್ತಿದ್ದರು. ಎರಡು ಗುಂಪಿನ ಸಮಯ ಬದಲಾಯಿಸಿದೆವು. ಹೊಸ ಕೋಣೆ ಕಟ್ಟುವ ಯೋಚನೆ ಅಲ್ಲಿಗೇ ಬಿಟ್ಟುಹೋಯಿತು.

ಇನ್ನೊಂದು ವಿಷಯ ಸ್ಟೋರ್. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಬಹೂಪಯೋಗಿ ಕಟ್ಟಡ ನಿಂತಿರುವುದೇ ಸ್ಟೋರ್ ಮೇಲೆ ಅಂತ ನಾನು ಹೇಳುತ್ತೇನೆ. ವ್ಯಾಯಾಮದವರಿಗೆ ಖಾಲಿ ನೆಲ ಬೇಕು. ಸಭೆಗೆ ಕುರ್ಚಿ ಬೇಕು. ಮಕ್ಕಳ ಪಾಠಕ್ಕೆ ಮೇಜು ಬೇಕು. ಒಂದು ಮುಗಿದು ಇನ್ನೊಂದು ಶುರುವಾಗುವ ನಡುವೆ ಸಾಮಾನು ಎಲ್ಲಿಗೆ ಹೋಗಬೇಕು? ಮೊದಲ ನವೀಕರಣದಲ್ಲಿ ನಮ್ಮ ಸ್ಟೋರನ್ನು ಒಡೆದು ಹಾಲ್‌ಗೆ ಸೇರಿಸಿದ್ದೆವು, ಹಾಲ್ ದೊಡ್ಡದಾಗಲಿ ಅಂತ. ಆಮೇಲೆ ಕುರ್ಚಿಗಳೆಲ್ಲ ಹಾಲ್‌ನ ಗೋಡೆಗೇ ಒರಗಿ ನಿಂತವು, ಹಾಲ್ ಮೊದಲಿಗಿಂತ ಚಿಕ್ಕದಾಯಿತು. ಎರಡನೇ ಸಲ ಹಾಲ್‌ನ ಅಳತೆಯ ಹತ್ತರಲ್ಲೊಂದು ಪಾಲು ಸ್ಟೋರ್‌ಗೆ ಅಂತ ಮೊದಲೇ ತೆಗೆದಿಟ್ಟೆವು. ಅದೂ ಹಾಲ್‌ಗೆ ತಾಗಿಕೊಂಡೇ ಇರಬೇಕು, ಮಧ್ಯೆ ಮೆಟ್ಟಿಲು ಇರಬಾರದು, ಬಾಗಿಲು ಅಗಲ ಇರಬೇಕು. ನಮ್ಮ ಹಳೇ ಸ್ಟೋರ್ ಬಾಗಿಲು 78 ಸೆಂಟಿಮೀಟರ್, ಮೇಜಿನ ಅಗಲ 90. ಪ್ರತಿ ಸಲವೂ ಇಬ್ಬರು ಹಿಡಿದು ಮೇಜನ್ನು ಅಡ್ಡ ಮಲಗಿಸಿ ಒಳಗೆ ತಳ್ಳಬೇಕಿತ್ತು. ಬಾಗಿಲ ಚೌಕಟ್ಟಿನಲ್ಲಿ ಸೊಂಟದ ಎತ್ತರಕ್ಕೆ ಮರ ಕಿತ್ತುಹೋಗಿ ಬೆರಳು ಕೂರುವಷ್ಟು ಹಳ್ಳ ಬಿದ್ದಿತ್ತು. ನಿಮ್ಮ ಕಟ್ಟಡದಲ್ಲೂ ಇಂಥ ಗುರುತು ಹುಡುಕಿ. ಎಲ್ಲಿ ಬಣ್ಣ ಸವೆದಿದೆ, ಎಲ್ಲಿ ಮೂಲೆ ಒಡೆದಿದೆ, ಅಲ್ಲೇ ನಕ್ಷೆ ತಪ್ಪಾಗಿದೆ ಅಂತ ಅರ್ಥ.

ಬ್ಯಾಡ್ಮಿಂಟನ್ ಬಗ್ಗೆ: ಅಂಕಣ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ನಿಮ್ಮ ಹಾಲ್‌ನ ನೆಲಕ್ಕೆ ಸರಿಯಾಗಿ ಕೂರುತ್ತದೆ. ಆದರೆ ಎತ್ತರ 4.5 ಮೀಟರ್ ಸಾಲಲ್ಲ, ಶಟಲ್ ಎತ್ತಿ ಹೊಡೆದರೆ ಚಾವಣಿಗೆ ಬಡಿಯುತ್ತದೆ. ದೊಡ್ಡ ಅಂತರರಾಷ್ಟ್ರೀಯ ಪಂದ್ಯಗಳಿಗೆ 12 ಮೀಟರ್ ಎತ್ತರ ಕೇಳುತ್ತಾರೆ ಅಂದರೆ ನೀವೇ ಯೋಚಿಸಿ. ಟೇಬಲ್ ಟೆನಿಸ್ ಆದರೆ ಆರಾಮ, ಮೇಜು ಮಡಚಿ ಸ್ಟೋರ್‌ಗೆ ಹೋಗುತ್ತದೆ.


ಬೀಮ್_ಕಾಲಂ

ನಾನು ಸ್ಟ್ರಕ್ಚರಲ್ ಎಂಜಿನಿಯರ್. ನೋಡದೆ ಯಾವ ಗೋಡೆ ತೆಗೆಯಬಹುದು ಅಂತ ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಗೋಡೆ ತೆಳ್ಳಗಿದೆ ಅಂತ ಅದು ಭಾರ ಹೊತ್ತಿಲ್ಲ ಅನ್ನಲಾಗದು. ಮೇಲಿನ ಸ್ಲ್ಯಾಬ್ ಆ ಗೋಡೆ ಮೇಲೆ ಕೂತಿದೆಯಾ, ಪಕ್ಕದಲ್ಲಿ ಬೀಮ್ ಇದೆಯಾ, ಹಳೇ ನಕ್ಷೆ ಸಿಗುತ್ತದಾ, ಇದನ್ನೆಲ್ಲ ಸ್ಥಳದಲ್ಲೇ ನೋಡಬೇಕು.

ಆದರೆ ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದದ್ದು ಆ ಗೋಡೆಯಲ್ಲ. ಲೈಬ್ರರಿಯನ್ನು ಮೇಲೆ ಮಾಡುತ್ತೇವೆ ಅಂದಿರಲ್ಲ, ಅದು. ಪುಸ್ತಕದಷ್ಟು ಭಾರದ ಸಾಮಾನು ಮನೆಯಲ್ಲಾಗಲಿ ಆಫೀಸಲ್ಲಾಗಲಿ ಕಡಿಮೆ. ಒಂದು ಮೀಟರ್ ಉದ್ದದ ಕಪಾಟಿನ ಒಂದೇ ಹಲಗೆಯಲ್ಲಿ ಪುಸ್ತಕ ತುಂಬಿದರೆ ಸುಮಾರು 30 ಕಿಲೋ. ಆರು ಹಲಗೆಗೆ 180 ಕಿಲೋ ಆಯಿತು, ಅದೂ ಕಾಲು ಊರುವ ಜಾಗ ಎಷ್ಟು ಸಣ್ಣದು ನೋಡಿ. ಮನೆಯ ಕೋಣೆಯ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಹೊರುವಂತೆ ಲೆಕ್ಕ ಹಾಕುತ್ತಾರೆ. ಜನ ಓಡಾಡಿ ಸೇರುವ ಹಾಲ್‌ಗೆ ಸುಮಾರು 500. ಸಾಲುಸಾಲು ಕಪಾಟಿನ ಪುಸ್ತಕಕ್ಕೆ ಅದಕ್ಕಿಂತಲೂ ಜಾಸ್ತಿ ಬೇಕಾಗುತ್ತದೆ. ನಿಮ್ಮ ಮೇಲಿನ ಕೋಣೆಗಳನ್ನು 40 ವರ್ಷದ ಹಿಂದೆ ಯಾವ ಲೆಕ್ಕದಲ್ಲಿ ಕಟ್ಟಿದರೋ! ಅದರ ಜೊತೆಗೆ ಮೇಲಿನ ಸ್ಲ್ಯಾಬಿಗೆ ಆಸರೆಯಾಗಿರಬಹುದಾದ ಗೋಡೆಯನ್ನೂ ತೆಗೆಯುವ ಮಾತು. ಸುಮ್ನೆ ಲೈಬ್ರರಿಯನ್ನು ನೆಲಮಹಡಿಗೆ ತನ್ನಿ, ಆಫೀಸು ಮೇಲೆ ಹೋಗಲಿ. ಗೋಡೆಯ ಪ್ರಶ್ನೆಯೇ ಇರುವುದಿಲ್ಲ.

ಹೆದರಿಸಲು ಹೇಳುತ್ತಿಲ್ಲ, ಆದರೆ ಬಳಕೆ ಬದಲಾದಾಗ ಕಟ್ಟಡಕ್ಕೆ ಏನಾಗಬಹುದು ಅನ್ನೋದಕ್ಕೆ ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಓದುವ ಪಾಠ ದಕ್ಷಿಣ ಕೊರಿಯಾದ ಸಿಯೋಲ್ ನಗರದ ಸಾಂಪೂಂಗ್ ಡಿಪಾರ್ಟ್‌ಮೆಂಟ್ ಸ್ಟೋರ್. ಬೇರೆ ಬಳಕೆಗೆ ಅಂತ ಯೋಜಿಸಿದ್ದ ಕಟ್ಟಡವನ್ನು ಅಂಗಡಿ ಮಾಡಿದರು. ಎಸ್ಕಲೇಟರ್‌ಗಾಗಿ ಕಾಲಂಗಳನ್ನು ಕಡಿಮೆ ಮಾಡಿದರು, ಮೇಲೆ ಇನ್ನೊಂದು ಮಹಡಿ ಏರಿಸಿದರು, ಟೆರೇಸ್ ಮೇಲೆ ಭಾರದ ಎಸಿ ಯಂತ್ರಗಳನ್ನು ಕೂರಿಸಿದರು. 1995ರ ಜೂನ್ 29ರಂದು ಅದು ಕುಸಿಯಿತು. 502 ಜನ ಸತ್ತರು. ಒಂದೊಂದು ಬದಲಾವಣೆಯೂ ಮಾಡಿದವರ ಕಣ್ಣಿಗೆ ಸಣ್ಣದಾಗಿಯೇ ಕಂಡಿರುತ್ತದೆ.

ಹಾಗಾಗಿ ಅಂದಾಜು ಪಟ್ಟಿಗೆ ಮುಂಚೆ ಕಟ್ಟಡದ ಪರೀಕ್ಷೆ ಮಾಡಿಸಿ. ಕಾಂಕ್ರೀಟಿನೊಳಗೆ ಕಂಬಿ ಎಲ್ಲಿದೆ, ಎಷ್ಟು ಆಳದಲ್ಲಿದೆ ಅಂತ ಹುಡುಕುವ ಸ್ಕ್ಯಾನರ್ ಇದೆ. ಕಾಂಕ್ರೀಟಿನ ಗಟ್ಟಿತನ ಅಂದಾಜು ಮಾಡಲು ರೀಬೌಂಡ್ ಹ್ಯಾಮರ್ ಇದೆ. ಸಂಶಯ ಬಂದ ಕಡೆ ಕೋರ್, ಅಂದರೆ ಕೊರೆದು ತೆಗೆದ ಉರುಳೆಯಾಕಾರದ ಕಾಂಕ್ರೀಟು ತುಂಡು, ತೆಗೆದು ಲ್ಯಾಬ್‌ನಲ್ಲಿ ಒಡೆದು ನೋಡುತ್ತಾರೆ. ಇನ್ನೊಂದು ಪರೀಕ್ಷೆ ಇದೆ, ಅದನ್ನು ಸಮಿತಿಯವರೆಲ್ಲ ನಿಂತು ನೋಡುವಂತೆ ಮಾಡಿ. ಬೀಮಿನ ಮೂಲೆಯಲ್ಲಿ ಸ್ವಲ್ಪ ಕಾಂಕ್ರೀಟು ಆಗಷ್ಟೇ ಕೆತ್ತಿ, ದೂಳು ಒರೆಸಿ, ಫಿನಾಫ್ತಲೀನ್ ದ್ರಾವಣ ಸಿಂಪಡಿಸುತ್ತಾರೆ. ಕಾಂಕ್ರೀಟು ಇನ್ನೂ ಕ್ಷಾರೀಯವಾಗಿದ್ದರೆ ಕ್ಷಣದಲ್ಲೇ ಗಾಢ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಹೊಕ್ಕು ಆ ಗುಣ ಕಳೆದುಹೋಗಿದ್ದರೆ ಬಣ್ಣ ಬರುವುದಿಲ್ಲ. ಹೊರಗಿನಿಂದ ಬಣ್ಣ ಬಾರದ ಆ ಪಟ್ಟಿ ಕಂಬಿಯವರೆಗೂ ತಲುಪಿದ್ದರೆ ಕಂಬಿಗೆ ಇನ್ನು ರಕ್ಷಣೆ ಇಲ್ಲ ಅಂತ. ತೇವ ಸಿಕ್ಕಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳಿ ಉದುರಿಸುತ್ತದೆ. ಅದರ ಮೇಲೆ ಪ್ಲಾಸ್ಟರ್ ಬಳಿದು ಬಣ್ಣ ಹೊಡೆದರೆ ಎರಡು ವರ್ಷದಲ್ಲಿ ಮತ್ತೆ ಅದೇ ಬಿರುಕು.

ಟೆರೇಸನ್ನೂ ನೋಡಿ. ಸೋರಿದಾಗಲೆಲ್ಲ ಹಳೇ ಪದರ ತೆಗೆಯದೆ ಮೇಲೊಂದು ಗಾರೆ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ. 5 ಸೆಂಟಿಮೀಟರ್ ದಪ್ಪದ ಒಂದು ಪದರ ಅಂದರೆ ಚದರ ಮೀಟರಿಗೆ 100 ಕಿಲೋಗಿಂತ ಜಾಸ್ತಿ. ಮೂರು ಪದರ ಕಂಡಿದ್ದೇನೆ.


ಕಿವಿಗೊಟ್ಟು

ಪಾರ್ಟಿಷನ್ ವಿಚಾರಕ್ಕೆ ನಾನು ಬರುತ್ತೇನೆ, ಸದ್ದಿನ ಲೆಕ್ಕವೇ ನನ್ನ ಕೆಲಸ.

ಮಡಚುವ ಪಾರ್ಟಿಷನ್ ಎರಡು ಥರ. ತೆಳ್ಳನೆಯದು ನೋಟ ಮಾತ್ರ ಮರೆಮಾಡುತ್ತದೆ. ಅತ್ತ ಕಡೆ ಮಕ್ಕಳು ಮಗ್ಗಿ ಹೇಳಿದರೆ ಇತ್ತ ಕಡೆ ಅಕ್ಷರ ಅಕ್ಷರ ಕೇಳುತ್ತದೆ. ಸದ್ದು ತಡೆಯುವಂಥದ್ದು ಭಾರ ಇರಲೇಬೇಕು, ಚದರ ಮೀಟರಿಗೆ 40 ಕಿಲೋ ಅಂತಲೇ ಇಟ್ಟುಕೊಳ್ಳಿ. ನಿಮ್ಮ ಹಾಲ್‌ಗೆ ಅಡ್ಡವಾಗಿ 10 ಮೀಟರ್, ಎತ್ತರ 4.5. ಒಟ್ಟು 45 ಚದರ ಮೀಟರ್, 1800 ಕಿಲೋ ಆಯಿತು. ಇಷ್ಟೂ ಮೇಲಿನ ಹಳಿಯಿಂದ ತೂಗುತ್ತದೆ. ಹಳಿ ಬೀಮ್‌ನಿಂದ ತೂಗುತ್ತದೆ. ಮಡಚಿಟ್ಟಾಗ ಅಷ್ಟೂ ಭಾರ ಒಂದೇ ಮೂಲೆಗೆ ಬಂದು ನಿಲ್ಲುತ್ತದೆ. ಮೇಲೆ ಎಂಜಿನಿಯರ್ ಸರ್ ಹೇಳಿದ ಪರೀಕ್ಷೆ ಮುಗಿಯದೆ ಇದನ್ನು ಯೋಚಿಸಲೂ ಹೋಗಬೇಡಿ.

ಅದೂ ಸರಿ ಇದೆ ಅಂತಿಟ್ಟುಕೊಳ್ಳೋಣ. ಪಾರ್ಟಿಷನ್ ಫಾಲ್ಸ್ ಸೀಲಿಂಗ್‌ವರೆಗೆ ಮಾತ್ರ ಹೋದರೆ ಸದ್ದು ಅದರ ಮೇಲಿನ ಖಾಲಿ ಜಾಗದಿಂದ ಆರಾಮವಾಗಿ ದಾಟುತ್ತದೆ. ಸೀಲಿಂಗ್ ಮೇಲೂ ಸ್ಲ್ಯಾಬ್‌ವರೆಗೆ ಗೋಡೆ ಮುಚ್ಚಬೇಕು. ನೆಲದ ಸಂದಿಗೆ ಕೆಳಗಿಳಿಯುವ ರಬ್ಬರ್ ಸೀಲ್ ಬೇಕು, ನೆಲ ಒಂದೇ ಮಟ್ಟಕ್ಕಿರಬೇಕು. ನೀರಿನಂತೆ ಸದ್ದು ಕೂಡ. ಎಲ್ಲಿ ತೂತು ಸಿಕ್ಕಿದರೆ ಅಲ್ಲಿ ಹರಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ ಆ ದುಡ್ಡನ್ನು ಹಾಲ್‌ನ ಮಾರ್ದನಿ ಕಡಿಮೆ ಮಾಡಲು ಹಾಕಿ. ನಾಳೆಯೇ ಒಂದು ಕೆಲಸ ಮಾಡಿ. ಹಾಲ್ ಖಾಲಿ ಇರುವಾಗ ನಡುವೆ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗೆ ಎಣಿಸಿ. ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದ ವ್ಯಾಲೇಸ್ ಸ್ಯಾಬಿನ್ 1890ರ ದಶಕದಲ್ಲಿ ಒಂದು ಕೇಳಲಾಗದ ಉಪನ್ಯಾಸ ಕೊಠಡಿಯನ್ನು ಸರಿಮಾಡಲು ಹೊರಟು ಕಂಡುಹಿಡಿದ ಸೂತ್ರವನ್ನೇ ನಾವು ಇವತ್ತಿಗೂ ಬಳಸುತ್ತೇವೆ. ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ಮೇಲ್ಮೈಯ ಅಳತೆಯಿಂದ ಭಾಗಿಸಿದರೆ ಮಾರ್ದನಿಯ ಸೆಕೆಂಡು ಬರುತ್ತದೆ. ನಿಮ್ಮ ಹಾಲ್ 900 ಘನ ಮೀಟರ್. ನೆಲ, ಗೋಡೆ, ಚಾವಣಿ ಎಲ್ಲ ಗಟ್ಟಿ ಗಾರೆ ಅಂದುಕೊಂಡರೆ ನನ್ನ ಲೆಕ್ಕದಲ್ಲಿ ಖಾಲಿ ಹಾಲ್‌ಗೆ 4 ಸೆಕೆಂಡಿಗಿಂತ ಜಾಸ್ತಿ ಬರುತ್ತದೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ 1 ಸೆಕೆಂಡಿನ ಆಸುಪಾಸಿರಬೇಕು. ಚಾವಣಿಯ ಮೂರನೇ ಎರಡು ಭಾಗಕ್ಕೆ ಒಳ್ಳೆಯ ಸದ್ದು ಹೀರುವ ಹಲಗೆ ಹಾಕಿದರೆ ಹೆಚ್ಚುಕಡಿಮೆ ಅಲ್ಲಿಗೆ ಬರುತ್ತೀರಿ. ಆಮೇಲೆ ಮೈಕಿನ ವಾಲ್ಯೂಮ್ ಏರಿಸಿ ಏರಿಸಿ ಕೂಗಿಸುವ ಅಗತ್ಯವೇ ಬರುವುದಿಲ್ಲ. ಕಿವಿ ಮಂದವಾದ ಹಿರಿಯರಿಗೆ ಇದು ಎಷ್ಟು ದೊಡ್ಡ ಉಪಕಾರ ಅಂತ ಅವರನ್ನೇ ಕೇಳಿ ನೋಡಿ.

ಸಂಗೀತದವರಿಗೆ ಸ್ವಲ್ಪ ಮಾರ್ದನಿ ಇಷ್ಟ, ನಿಜ. ಅವರಿಗೆ ಮೇಲಿನ ಕೊನೇ ಕೋಣೆ ಕೊಡಿ. ಪಕ್ಕದಲ್ಲಿ ಸ್ಟೋರ್ ಬರಲಿ, ಪಾಠದ ಕೋಣೆ ಬೇಡ.


ಗಾಲಿಕುರ್ಚಿಯಿಂದ

ಇಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಕೇಳುತ್ತೇನೆ. ನಾನು ನಿಮ್ಮ ಕಟ್ಟಡದೊಳಗೆ ಬರಬಹುದಾ?

ಇಳಿಜಾರಿನ ರಾಂಪ್‌ಗೆ ಲೆಕ್ಕ 1ಕ್ಕೆ 12. ಅಂದರೆ 45 ಸೆಂಟಿಮೀಟರ್ ಮೆಟ್ಟಿಲಿಗೆ 5.4 ಮೀಟರ್ ಉದ್ದದ ರಾಂಪ್. ಇದಕ್ಕಿಂತ ಕಡಿದಾದರೆ ಯಾರಾದರೂ ತಳ್ಳಲೇಬೇಕು. ಇಳಿಯುವಾಗ ಇನ್ನೂ ಅಪಾಯ. ಮೇಲೆ ಮತ್ತು ಕೆಳಗೆ ಕುರ್ಚಿ ತಿರುಗಿಸಲು 1.5 ಮೀಟರ್ ಸಮತಟ್ಟು ಜಾಗ ಬಿಡಿ. ಬಾಗಿಲು ತೆರೆದಾಗ ನಿಜವಾಗಿ ಸಿಗುವ ಅಗಲ 90 ಸೆಂಟಿಮೀಟರ್ ಇರಲಿ. ಹಿಂಬಾಗಿಲಲ್ಲಿ ರಾಂಪ್ ಮಾಡಿ ಕೈ ತೊಳೆದುಕೊಳ್ಳಬೇಡಿ, ಎಲ್ಲರೂ ಬರುವ ಬಾಗಿಲಲ್ಲೇ ಮಾಡಿ. ನಾನೊಮ್ಮೆ ಒಂದು ಸಭೆಗೆ ಅಡುಗೆಮನೆಯ ಮೂಲಕ, ತೊಳೆಯುವ ಪಾತ್ರೆಗಳ ನಡುವೆ ಹಾದು ಒಳಗೆ ಹೋಗಿದ್ದೆ. ಮತ್ತೆ ಹೋಗಲಿಲ್ಲ.

ವೇದಿಕೆಯನ್ನೂ ಮರೆಯಬೇಡಿ. ನಿಮ್ಮದು ಎಷ್ಟು ಎತ್ತರ? 90 ಸೆಂಟಿಮೀಟರ್ ಇದ್ದರೆ 10.8 ಮೀಟರ್ ರಾಂಪ್ ಬೇಕು, ಮಧ್ಯೆ ನಿಲ್ಲುವ ಜಾಗ ಬೇರೆ. ವೇದಿಕೆ ತಗ್ಗಿಸಿದರೆ ಎಲ್ಲರಿಗೂ ಅನುಕೂಲ. ಮಾತು ಕೇಳಲು ಬರುವುದಷ್ಟೇ ಅಲ್ಲ, ನಮಗೂ ಮೇಲೆ ಹೋಗಿ ಮಾತಾಡಲು ಇರುತ್ತದೆ ಅಲ್ವಾ?


ಸೈಟ್‌ನಲ್ಲೇ_ಇರ್ತೀನಿ

25 ವರ್ಷದಿಂದ ಸೈಟ್ ಮೇಲ್ವಿಚಾರಣೆ. ಹಳೇ ಕಟ್ಟಡದ ಕೆಲಸವೇ ಜಾಸ್ತಿ.

ಮೂರು ಅಂದಾಜು ಯಾಕೆ ಅಷ್ಟು ಬೇರೆ ಅಂದರೆ, ಮೂವರೂ ಬೇರೆ ಬೇರೆ ಕೆಲಸಕ್ಕೆ ಬೆಲೆ ಹೇಳಿದ್ದಾರೆ. ಒಬ್ಬರು ವೈರಿಂಗ್ ಪೂರ್ತಿ ಹೊಸದು ಅಂದುಕೊಂಡಿರುತ್ತಾರೆ, ಇನ್ನೊಬ್ಬರು ಬರೀ ಸ್ವಿಚ್ ಬೋರ್ಡ್ ಬದಲು ಅಂದುಕೊಂಡಿರುತ್ತಾರೆ. ನೀವೇ ಕೆಲಸದ ಪಟ್ಟಿ ಅಳತೆ ಸಮೇತ ಮಾಡಿಸಿ, ಒಂದೇ ಪಟ್ಟಿ ಮೂವರಿಗೂ ಕೊಡಿ, ದರ ಮಾತ್ರ ತುಂಬಲಿ. ಆಗ ಹೋಲಿಸಬಹುದು. ಆ ಪಟ್ಟಿ ಮಾಡುವ ಮುಂಚೆ ಕಟ್ಟಡವನ್ನು ಅಲ್ಲಲ್ಲಿ ಬಿಚ್ಚಿ ನೋಡಿ. ಸೀಲಿಂಗ್‌ನ ಎರಡು ಹಲಗೆ ತೆಗೆಯಿರಿ, ಬಚ್ಚಲು ಪಕ್ಕದ ಗೋಡೆ ಒಂದಡಿ ಕೆತ್ತಿ, ಟೆರೇಸ್ ಒಂದು ಕಡೆ ಅಗೆಯಿರಿ. ಬಿಚ್ಚಿದಾಗ ಕಾಣುವುದು ಒಪ್ಪಂದಕ್ಕೆ ಮುಂಚೆ ಕಂಡರೆ ಅದು ಲೆಕ್ಕದೊಳಗೆ ಬರುತ್ತದೆ. ಆಮೇಲೆ ಕಂಡರೆ ಜಗಳ. ಇಷ್ಟು ಮಾಡಿದರೂ ಹಳೇ ಕಟ್ಟಡಕ್ಕೆ ನೂರಕ್ಕೆ 15ರಿಂದ 20 ಕೈಯಲ್ಲಿ ಮಿಗಿಸಿ ಇಟ್ಟುಕೊಳ್ಳಿ. ಸಮಿತಿಯಲ್ಲಿ ಯಾರಾದರೂ ಆ ದುಡ್ಡಿಗೆ ಗ್ರಾನೈಟ್ ಹಾಕಿಸೋಣ ಅಂತಾರೆ, ಬಿಡಬೇಡಿ.

ಒಂದು ಎಚ್ಚರಿಕೆ. ಹಳೇ ಸಿಮೆಂಟ್ ಶೀಟು, ಪೈಪಿಗೆ ಸುತ್ತಿದ ಹಳೇ ಹೊದಿಕೆ, ಕೆಲವು ಹಳೇ ನೆಲಹಾಸಿನ ತುಂಡು, ಇವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಪರೀಕ್ಷೆ ಮಾಡಿಸುವವರೆಗೆ ಒಡೆಯಬೇಡಿ, ಕೊರೆಯಬೇಡಿ, ಒಣಗಿದ್ದಾಗ ಗುಡಿಸಲೂ ಬೇಡಿ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಕಾಯಿಲೆ ಕಾಣಿಸುವುದು ಹತ್ತಾರು ವರ್ಷ ಕಳೆದ ಮೇಲೆ. ಒಡೆಯುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ, ಹೇಳುವ ಹೊಣೆ ನಮ್ಮದು.

ಮುಚ್ಚಬೇಕಾ ಅಂದಿರಿ. ಪೂರ್ತಿ ಮುಚ್ಚಬೇಕಿಲ್ಲ. ನಿಮ್ಮದು ಎರಡು ಭಾಗ ಇದೆ: ಹಾಲ್ ಒಂದು ಕಡೆ, ಕೋಣೆಗಳು ಇನ್ನೊಂದು ಕಡೆ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಿ. ಆದರೆ ನಡುವೆ ಬರೀ ಪ್ಲಾಸ್ಟಿಕ್ ಪರದೆ ಕಟ್ಟಿದರೆ ದೂಳು ನಿಲ್ಲಲ್ಲ, ಸಂದಿ ಮುಚ್ಚಿದ ತಾತ್ಕಾಲಿಕ ಗೋಡೆಯೇ ಬೇಕು. ಕೆಲಸದವರ ದಾರಿ ಬೇರೆ, ಜನರ ದಾರಿ ಬೇರೆ. ತುರ್ತಾಗಿ ಹೊರಗೆ ಹೋಗುವ ಬಾಗಿಲು ಒಂದು ದಿನವೂ ಸಾಮಾನಿನಿಂದ ಮುಚ್ಚಬಾರದು. ನೀರು, ಕರೆಂಟು ಯಾವತ್ತು ಇರುವುದಿಲ್ಲ ಅಂತ ವಾರದ ಮುಂಚೆ ಬೋರ್ಡ್ ಹಾಕಿ.

ಕ್ರಮ ಹೀಗಿರಲಿ. ಮೊದಲು ಟೆರೇಸ್ ಮತ್ತು ನೀರು. ಸೋರಿಕೆ ನಿಲ್ಲದೆ ಒಳಗೆ ಏನು ಮಾಡಿದರೂ ವ್ಯರ್ಥ. ಟೆರೇಸಿನಲ್ಲೂ ಬಚ್ಚಲಲ್ಲೂ ನೀರು ಕಟ್ಟಿ 48 ಗಂಟೆ ನಿಲ್ಲಿಸಿ, ಕೆಳಗಿನಿಂದ ನೋಡಿ. ಟೆರೇಸ್‌ಗೆ ನೀರಿನ ಭಾರವೂ ಲೆಕ್ಕವೇ, ಎಷ್ಟು ಎತ್ತರ ಕಟ್ಟಬೇಕು ಅಂತ ಎಂಜಿನಿಯರ್ ಹೇಳಲಿ. ಆಮೇಲೆ ಸ್ಟ್ರಕ್ಚರ್ ರಿಪೇರಿ, ಆಮೇಲೆ ಪೈಪು, ವೈರು, ಡಕ್ಟು, ಆಮೇಲೆ ಪ್ಲಾಸ್ಟರ್, ಸೀಲಿಂಗ್. ನೆಲ ಕೊನೆಗೆ. ಮರದ ನೆಲ ಅಥವಾ ವಿನೈಲ್ ಹಾಕುತ್ತೀರಾದರೆ ಅಡಿಯ ಗಾರೆ ಒಣಗಲೇಬೇಕು. ಮೊದಲ 4-5 ಸೆಂಟಿಮೀಟರಿಗೆ ದಿನಕ್ಕೆ ಒಂದು ಮಿಲಿಮೀಟರ್ ಅಂತ ನಮ್ಮ ಲೆಕ್ಕ. 4 ಸೆಂಟಿಮೀಟರ್ ದಪ್ಪ ಇದ್ದರೆ ಸುಮಾರು 40 ದಿನ ಆಯಿತು. ಉದ್ಘಾಟನೆಗೆ ತಾರೀಖು ಗೊತ್ತುಮಾಡಿಕೊಂಡು ಹಸಿ ನೆಲದ ಮೇಲೆ ವಿನೈಲ್ ಅಂಟಿಸಿದ ಒಂದು ಕೆಲಸದಲ್ಲಿ ನಾನಿದ್ದೆ. ಮೂರು ತಿಂಗಳಿಗೆ ನೆಲ ಹಪ್ಪಳದ ಹಾಗೆ ಗುಳ್ಳೆ ಎದ್ದಿತು.

ಗೋಡೆ ಮುಚ್ಚುವ ಮುಂಚೆ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ಸುಮ್ನೆ ಅಲ್ಲ, ಟೇಪು ಬಿಚ್ಚಿ ಮೂಲೆಯಿಂದ ಪೈಪಿನವರೆಗೆ ಹಿಡಿದು, ಅಂಕಿ ಕಾಣುವ ಹಾಗೆ. ಐದು ವರ್ಷದ ಮೇಲೆ ಯಾರಾದರೂ ಮೊಳೆ ಹೊಡೆಯಲು ಬಂದಾಗ ಆ ಫೋಟೋ ಬೇಕಾಗುತ್ತದೆ.

ವೆಲ್ಡಿಂಗ್, ಗ್ಯಾಸ್ ಕಟಿಂಗ್ ಇದ್ದ ದಿನ ಪಕ್ಕದಲ್ಲೇ ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಒಬ್ಬ ನಿಲ್ಲಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಕಾಯಬೇಕು. ಕಿಡಿ ತಕ್ಷಣ ಹೊತ್ತಿಕೊಳ್ಳುವುದಿಲ್ಲ, ಹೊಗೆಯಾಡುತ್ತಾ ಕೂತಿರುತ್ತದೆ. ಯಾವ ಕಾರಣಕ್ಕೆ ಬೆಂಕಿ ಬಂದರೂ, ಕೆಲಸ ನಡೆಯುವ ಕಟ್ಟಡ ಸುಲಭವಾಗಿ ಸುಡುತ್ತದೆ. ಗೋಡೆ ತೆರೆದಿರುತ್ತದೆ, ಮರದ ಚೂರು ಬಿದ್ದಿರುತ್ತದೆ, ಅಲಾರಂ ಎಷ್ಟೋ ಸಲ ಆಫ್ ಆಗಿರುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್ ಕಟ್ಟಡ 2014ರಲ್ಲಿ ಸುಟ್ಟಿತು, ಅದನ್ನು ಸರಿಮಾಡುವ ಕೆಲಸ ನಡೆಯುತ್ತಿರುವಾಗಲೇ 2018ರ ಜೂನ್‌ನಲ್ಲಿ ಮತ್ತೆ ಸುಟ್ಟುಹೋಯಿತು.


ಬೀಗದಕೈ_ನನ್ನಲ್ಲಿ

ಸೈಟ್ ಸರ್ ಬಾಗಿಲ ಮಾತು ಎತ್ತಿದ್ದು ಒಳ್ಳೆಯದಾಯಿತು. ಅದಕ್ಕೆ ಒಂದು ಸೇರಿಸುತ್ತೇನೆ. ಎಷ್ಟು ಜನ ಅನ್ನೋದು ಹಾಲ್‌ನ ಅಳತೆಯಿಂದ ಮಾತ್ರ ಬರುವುದಿಲ್ಲ, ಹೇಗೆ ಕೂರುತ್ತಾರೆ ಅನ್ನೋದರಿಂದ ಬರುತ್ತದೆ. ಬರೀ ಕುರ್ಚಿ ಸಾಲಿಗೆ ಒಬ್ಬರಿಗೆ ಸುಮಾರು 0.65 ಚದರ ಮೀಟರ್, ಮೇಜು ಕುರ್ಚಿ ಎರಡೂ ಇದ್ದರೆ 1.4 ಅಂತ ನಮಗೆ ಲೆಕ್ಕ ಹೇಳಿಕೊಟ್ಟಿದ್ದರು. ಅದೇ ನಿಮ್ಮ 200 ಚದರ ಮೀಟರ್‌ಗೆ ಒಂದು ಸಲ 300 ಜನ, ಇನ್ನೊಂದು ಸಲ 140. ಬಾಗಿಲು, ಕಕ್ಕಸು, ಗಾಳಿ ಎಲ್ಲವನ್ನೂ ಆ 300ಕ್ಕೇ ಲೆಕ್ಕ ಹಾಕಿ. ಹೊರಗೆ ಹೋಗುವ ಬಾಗಿಲು ಕನಿಷ್ಠ ಎರಡು ಬೇಕು. ಒಂದರ ಪಕ್ಕ ಒಂದಲ್ಲ, ದೂರ ದೂರ ಇರಬೇಕು. ಹೊರಮುಖಕ್ಕೆ ತೆರೆಯಬೇಕು, ಒಳಗಿನಿಂದ ತಳ್ಳಿದರೆ ಸಾಕು ತೆರೆದುಕೊಳ್ಳುವ ಅಡ್ಡಪಟ್ಟಿ ಇರಬೇಕು. ಬೋಸ್ಟನ್‌ನ ಕೋಕೋನಟ್ ಗ್ರೋವ್ ಕ್ಲಬ್‌ನಲ್ಲಿ 1942ರ ನವೆಂಬರ್ 28ರಂದು ಬೆಂಕಿ ಬಿದ್ದಾಗ ಮುಖ್ಯದ್ವಾರದ ತಿರುಗುವ ಬಾಗಿಲಲ್ಲಿ ಜನ ಸಿಕ್ಕಿಕೊಂಡರು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ ಹಾಕಿತ್ತು, ಕೆಲವು ಒಳಮುಖಕ್ಕೆ ತೆರೆಯುತ್ತಿದ್ದವು. 492 ಜನ ಹೋದರು. ನನ್ನ ಕೈಯಲ್ಲಿ ಬೀಗದಕೈ ಗೊಂಚಲು ಇರುವುದರಿಂದಲೋ ಏನೋ, ಇದನ್ನು ಓದಿದ ದಿನದಿಂದ ಕಾರ್ಯಕ್ರಮ ಶುರುವಾಗುವ ಮುಂಚೆ ಎಲ್ಲ ಬಾಗಿಲನ್ನೂ ನಾನೇ ತಳ್ಳಿ ನೋಡುತ್ತೇನೆ.


ಸಮಿತಿ_ಕಾರ್ಯದರ್ಶಿ

ಎಲ್ಲರಿಗೂ ಮನಸಾರೆ ಧನ್ಯವಾದ. ಆರು ವಾರ ಆಯಿತು, ಏನೇನಾಯಿತು ಅಂತ ಹೇಳಲು ಬಂದೆ.

ಚೌಕುಳಿ ಹಾಳೆ ಅಂಟಿಸಿದೆವು. ನಮ್ಮದೂ ಸಂಜೆಗೇ ಗುಡ್ಡೆ. ವ್ಯಾಯಾಮದವರು ಬೆಳಿಗ್ಗೆ ಎರಡು ತಂಡ ಮಾಡಿಕೊಳ್ಳಲು ಒಪ್ಪಿದರು, ನಾಟಕದವರು ತಾಲೀಮನ್ನು ಮಧ್ಯಾಹ್ನಕ್ಕೆ ತಂದರು. ಹಾಲನ್ನು ಎರಡು ಮಾಡುವ ಅಗತ್ಯ ವಾರದಲ್ಲಿ ಬರೀ ಮೂರು ಗಂಟೆ ಅಂತ ಹಾಳೆಯೇ ತೋರಿಸಿತು. ಅಧ್ಯಕ್ಷರು ಅದರ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ, ಪಾರ್ಟಿಷನ್ ಬೇಡ ಅಂತ ತಾವೇ ಹೇಳಿದರು.

ಎಂಜಿನಿಯರ್ ಒಬ್ಬರನ್ನು ಕರೆಸಿ ಪರೀಕ್ಷೆ ಮಾಡಿಸಿದೆವು. ಹಾಲ್‌ನ ಬೀಮುಗಳು ಗುಲಾಬಿಯಾದವು, ನಿಜಕ್ಕೂ ನಿಟ್ಟುಸಿರು ಬಿಟ್ಟೆವು. ಬಚ್ಚಲಿನ ಪಕ್ಕದ ಎರಡು ಬೀಮ್ ಮಾತ್ರ ಕಂಬಿಯವರೆಗೂ ಬಣ್ಣ ಬರಲಿಲ್ಲ. ಕೆತ್ತಿದರೆ ಕಂಬಿ ಪದರ ಪದರವಾಗಿ ಏಳುತ್ತಿದೆ. ಮೂರು ಅಂದಾಜು ಪಟ್ಟಿಯಲ್ಲಿ ಒಂದರಲ್ಲೂ ಇದು ಇರಲಿಲ್ಲ. ಮೇಲಿನ ಗೋಡೆ ಭಾರ ಹೊತ್ತಿದೆಯಂತೆ, ಮುಟ್ಟುವುದಿಲ್ಲ. ಲೈಬ್ರರಿ ಕೆಳಗೆ ಬರುತ್ತದೆ, ಆಫೀಸು ಮೇಲೆ ಹೋಗುತ್ತದೆ. ಮೇಲೆ ಹತ್ತಲಾಗದವರ ಆಫೀಸು ಕೆಲಸಕ್ಕೆ ಲೈಬ್ರರಿಯ ಬಾಗಿಲ ಪಕ್ಕ ಒಂದು ಮೇಜು ಇಡುತ್ತೇವೆ.

ಗಾಲಿಕುರ್ಚಿಯವರಿಗೆ: ನಮ್ಮ ವೇದಿಕೆ 95 ಸೆಂಟಿಮೀಟರ್ ಇತ್ತು, 45ಕ್ಕೆ ಇಳಿಸುತ್ತಿದ್ದೇವೆ. ರಾಂಪ್ ಎಷ್ಟು ಜಾಗ ತಿನ್ನುತ್ತದೆ ಅಂತ ಸಮಿತಿಯಲ್ಲಿ ವಾದ ಬಂತು. ಹಾಲ್‌ನ ನೆಲದ ಮೇಲೇ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೆ ಬರೆದೆವು. ರಾಂಪು, ತಿರುಗುವ ವೃತ್ತ, ಹೊಸ ಸ್ಟೋರಿನ ಬಾಗಿಲು, ಕುರ್ಚಿಯ ಸಾಲು ಎಲ್ಲ. ಎಲ್ಲರೂ ಅದರ ಮೇಲೆ ಓಡಾಡಿದರು. ಒಬ್ಬರು ಮನೆಯಿಂದ ತಾಯಿಯ ಗಾಲಿಕುರ್ಚಿ ತಂದು ಅದರಲ್ಲಿ ಕೂತು ತಿರುಗಿಸಿ ನೋಡಿದರು. ಗೆರೆ ದಾಟಿತು. ವೃತ್ತವನ್ನು ಅಳಿಸಿ ಇನ್ನಷ್ಟು ದೊಡ್ಡದಾಗಿ ಬರೆದೆವು.

ಈಗ ಕೆಲಸದ ಪಟ್ಟಿ ತಯಾರಾಗುತ್ತಿದೆ, ಟೆರೇಸಿನ ಹಳೇ ಪದರ ತೆಗೆಯುವುದು ಮೊದಲ ಸಾಲು. ಅಗೆದು ನೋಡಿದ ಕಡೆ ಎರಡು ಪದರ ಸಿಕ್ಕಿವೆ. ನೀರು ನಿಲ್ಲಿಸಿ ನೋಡುವ ದಿನ ಮತ್ತೆ ಇಲ್ಲಿಗೆ ಬಂದು ಬರೆಯುತ್ತೇನೆ.


ಬೀಮ್_ಕಾಲಂ

ಒಳ್ಳೆಯ ಕೆಲಸ ಮಾಡಿದಿರಿ ಸರ್. ಆ ಎರಡು ಬೀಮಿನ ಕೆಳಗೆ ಈಗಲೇ ಆಸರೆಯ ಜಾಕ್ ಕೊಡಿಸಿ, ಒಪ್ಪಂದ ಆಗುವವರೆಗೆ ಕಾಯಬೇಡಿ. ಮೇಲಿನ ಕೋಣೆಯಲ್ಲಿ ಭಾರದ ಬೀರು ಏನಾದರೂ ಇದ್ದರೆ ಇವತ್ತೇ ಕೆಳಗಿಳಿಸಿ.


ಸಮಿತಿ_ಕಾರ್ಯದರ್ಶಿ

ಎರಡು ಬೀರು ಇದ್ದವು ಸರ್, ಹಳೇ ಲೆಕ್ಕದ ಪುಸ್ತಕ ತುಂಬಿದ್ದು. ಈಗಷ್ಟೇ ನಾಲ್ಕು ಜನ ಸೇರಿ ಇಳಿಸಿದೆವು. ಜಾಕ್ ನಾಳೆ ಬೆಳಿಗ್ಗೆ ಬರುತ್ತದೆ.